ಹೆಪ್ಪುಗಟ್ಟದ ಹಾಲು

ಹೇಳಿಕೆ ಕೊಟ್ಟವರು: ಸುಶ್ಮಿತಾ ತಂದೆ ಚನ್ನಬಸವಣ್ಣ ಹಳ್ಳಿಕೇರಿ, ವಯಸ್ಸು 34 ವರ್ಷ, ಉದ್ಯೋಗ: ಖಾಸಗಿ ಘಟಕವೊಂದರಲ್ಲಿ ಉತ್ಪಾದನಾ ಮೇಲ್ವಿಚಾರಕಿ, ಸಾ: ಬೆಟಗೇರಿ, ತಾ/ಜಿ: ಗದಗ.

ನಾನು ಇಂದು ದಿನಾಂಕ 15-04-2025ರಂದು ಮಧ್ಯಾಹ್ನ 2-10 ಗಂಟೆಗೆ ಗದಗದ ಆಸ್ಪತ್ರೆಯಿಂದ ನೇರವಾಗಿ ಲಕ್ಷ್ಮೇಶ್ವರ ಠಾಣೆಗೆ ಬಂದು, ಯಾರೂ ಕರೆಯದೆ, ಯಾರೂ ಹೇಳಿಕೊಡದೆ, ಹೆಡ್ ಕಾನ್‌ಸ್ಟೇಬಲ್ ಅಂದಪ್ಪ ಅವರ ಎದುರು ಕುಳಿತು ಬರೆಸುವ ಸಂಗತಿ ಏನೆಂದರೆ: ನನ್ನ ತಂಗಿ ಅಂಕಿತಾಳ ಮಗಳು ಸನ್ನಿಧಿ, ಐದು ತಿಂಗಳ ಕೂಸು, ನಿನ್ನೆಯಿಂದ ಆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದಾಳೆ. ಅವಳ ಹೊಟ್ಟೆಗೆ ಹೋಗಿರುವುದು ನಾನು ತಯಾರಿಸಿದ ಬೆಳ್ಳಿ ನೀರು. ಅದು ಹೇಗೆ ಹೋಯಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಾನು ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದ್ದೇನೆ. ಎರಡು ವರ್ಷದಿಂದ ಮುಂಡರಗಿ ರಸ್ತೆಯಲ್ಲಿ ವಿರೂಪಾಕ್ಷಪ್ಪ ಎಂಬ ಬೀಜ ವ್ಯಾಪಾರಿಯವರ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಬೆಳ್ಳಿಯ ಅತಿ ಸಣ್ಣ ಕಣಗಳನ್ನು, ಅಂದರೆ ನ್ಯಾನೊ ಕಣಗಳನ್ನು, ನೀರಿನಲ್ಲಿ ತಯಾರಿಸುತ್ತೇವೆ. ಬಿತ್ತುವ ಮೊದಲು ಈರುಳ್ಳಿ, ಮೆಣಸಿನಕಾಯಿ ಬೀಜವನ್ನು ಆ ನೀರಿನಲ್ಲಿ ಅದ್ದಿ ತೆಗೆದರೆ ಬೀಜಕ್ಕೆ ಬೂಷ್ಟು ಹಿಡಿಯುವುದಿಲ್ಲ. ಈ ಭಾಗದ ರೈತರು ಅದನ್ನು ಬೆಳ್ಳಿ ನೀರು ಎಂದೇ ಕರೆಯುತ್ತಾರೆ.

ಅದನ್ನು ಹೇಗೆ ತಯಾರಿಸುತ್ತೀರಿ ಎಂದು ಅಂದಪ್ಪ ಅವರು ಕೇಳಿದ್ದಕ್ಕೆ ಹೇಳುವುದೇನೆಂದರೆ, ಬೆಳ್ಳಿಯ ಲವಣಕ್ಕೆ ಖಾರವಾದ ರಾಸಾಯನಿಕ ಬೆರೆಸಿ ಕಣ ಮಾಡುವುದು ಹಳೆಯ ಪದ್ಧತಿ. ನಾನು ಇದಕ್ಕಿಂತ ಮೊದಲು ಕೆಲಸ ಮಾಡಿದ ಬೇರೆ ಊರಿನ ಘಟಕದಲ್ಲಿ ಆ ಪದ್ಧತಿಯೇ ಇತ್ತು. ಅಲ್ಲಿ ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಹೆಂಗಸಿನ ಎರಡೂ ಅಂಗೈ ಸುಲಿದು ಹೋಗಿದ್ದವು. ಊಟ ಮಾಡುವಾಗ ಅನ್ನ ಕಲಸಲು ಆಗದೆ ಅಳುತ್ತಿದ್ದಳು. ಇಲ್ಲಿ ನಾವು ಆ ರಾಸಾಯನಿಕ ಬಳಸುವುದಿಲ್ಲ. ಕಪ್ಪತಗುಡ್ಡದ ಅಡಿಯ ಮಣ್ಣಿನಿಂದ ಬೇರ್ಪಡಿಸಿದ ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಸಾಕುತ್ತೇವೆ. ಅದು ಬೆಳೆದ ನೀರಿಗೆ ಬೆಳ್ಳಿಯ ಲವಣ ಹಾಕಿ ಬೆಚ್ಚಗೆ ಇಟ್ಟರೆ, ಹಾಲಿಗೆ ಹೆಪ್ಪು ಹಾಕಿದಂತೆ, ಮರುದಿನದ ಹೊತ್ತಿಗೆ ಆ ಜೀವಿಯೇ ಕೆಲಸ ಮುಗಿಸಿರುತ್ತದೆ. ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಹೊಗೆಯಿಲ್ಲ, ಘಾಟಿಲ್ಲ, ಯಾರ ಕೈಯೂ ಸುಲಿಯುವುದಿಲ್ಲ. ಈ ಕೆಲಸದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಇತ್ತು ಎಂದೇ ಬರೆಯಿರಿ ಎಂದು ಅಂದಪ್ಪ ಅವರಿಗೆ ಹೇಳಿದ್ದೇನೆ.

ಇನ್ನೂ ಒಂದು ಮಾತು ಇಲ್ಲಿಯೇ ಬರೆಯಬೇಕು. ಈ ಪದ್ಧತಿ ಸುರಕ್ಷಿತ ಎಂದರೆ ತಯಾರಿಸುವವರಿಗೆ ಸುರಕ್ಷಿತ. ತಯಾರಾದ ನೀರಿನಲ್ಲಿ ಬೆಳ್ಳಿ ಇರುತ್ತದೆ, ಕಣವಾಗದೆ ಉಳಿದ ಲವಣವೂ ಇರುತ್ತದೆ. ಲವಣ ಹೋಗುವವರೆಗೆ ಅದನ್ನು ತೊಳೆಯಬೇಕು. ಬೀಜಕ್ಕೆ ಅಷ್ಟೆಲ್ಲ ಬೇಕಾಗಿಲ್ಲ ಎಂದು ವಿರೂಪಾಕ್ಷಪ್ಪನವರು ತೊಳೆಯುವ ಕೆಲಸ ಬಿಡಿಸಿದರು. ಬೀಜಕ್ಕೆ ಬೇಕಾಗಿಲ್ಲ ಎಂಬುದು ನಿಜವಾದ್ದರಿಂದ ನಾನೂ ಒಪ್ಪಿದೆ.

ದಿನಾಂಕ 06-03-2025ರಂದು ಬೆಳಿಗ್ಗೆ 11 ಗಂಟೆಗೆ ಮುಂಡರಗಿಯಲ್ಲಿ ಬೀಜದ ಅಂಗಡಿಯೊಂದರ ಹಿಂದಿನ ಅಂಗಳದಲ್ಲಿ ರೈತರ ಸಭೆ ಇತ್ತು. ನಾನು ಬೆಳ್ಳಿ ನೀರಿನ ಬಗ್ಗೆ ವಿವರಿಸುತ್ತಿದ್ದೆ. ಇದರಲ್ಲಿ ಘಾಟು ಔಷಧಿ ಇಲ್ಲ, ಇದು ಹೆಪ್ಪು ಹಾಕಿ ಮಾಡಿದ್ದು, ಸುರಕ್ಷಿತ ಎಂದು ಹೇಳಿದೆ. ಆಗ ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ರೈತರೊಬ್ಬರು ಎದ್ದು ನಿಂತು, "ಔಷಧ ಮಾರಾವ್ರೆಲ್ಲಾ ಹಿಂಗ ಹೇಳ್ತಾರವಾ. ಅಷ್ಟು ಚಲೋ ಇದ್ರ ನೀನ ಒಂದು ಗುಟುಕು ಕುಡಿ ನೋಡೂಣು" ಎಂದರು. ಕುಳಿತವರೆಲ್ಲ ನಕ್ಕರು. ವಿರೂಪಾಕ್ಷಪ್ಪನವರು ನನ್ನ ಹತ್ತಿರ ಬಂದು, "ಕುಡದು ತೋರಿಸಿಬಿಡ್ರಿ ಮೇಡಂ, ಏನಾಗ್ತೈತಿ?" ಎಂದು ಸಣ್ಣ ದನಿಯಲ್ಲಿ ಹೇಳಿದರು.

ನಾನು ಸಿಟ್ಟಿನವಳು. ನನ್ನ ಕೆಲಸವನ್ನು ನೋಡಿ ಯಾರಾದರೂ ನಕ್ಕರೆ ನನಗೆ ತಡೆಯುವುದಿಲ್ಲ. ಕ್ಯಾನಿನ ಮುಚ್ಚಳ ತೆಗೆದು, ಅದರ ತುಂಬ ಬಗ್ಗಿಸಿಕೊಂಡು ಎಲ್ಲರೆದುರು ಕುಡಿದೆ. ಖಾಲಿ ಮುಚ್ಚಳವನ್ನು ಬೋರಲು ಹಾಕಿ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನನ್ನ ತಂಗಿಯ ಗಂಡ ವೀರು. ಅವನು "ನಮ್ಮ ಅಕ್ಕಾರಂದ್ರ ಏನಂತ ತಿಳ್ಕೊಂಡೀರಿ!" ಎಂದು ಕೂಗಿದ್ದು ನನಗೆ ಕೇಳಿಸಿತು. ಅಂದು ಸಂಜೆ ನನಗೆ ಹೊಟ್ಟೆ ತೊಳಸಿತು. ಬಿಸಿಲಿನಲ್ಲಿ ನಿಂತಿದ್ದಕ್ಕೆ ಇರಬೇಕು ಎಂದುಕೊಂಡು ಸುಮ್ಮನಾದೆ.

ವೀರು ಲಕ್ಷ್ಮೇಶ್ವರದವನು, ವಯಸ್ಸು 29. ಹಾಲಿನ ವ್ಯಾಪಾರ ಮಾಡುತ್ತಾನೆ. ಶಿಗ್ಲಿ ಕಡೆಯ ಮನೆಗಳಿಂದ ಹಾಲು ಕೂಡಿಸಿ, ತನ್ನ ಗಾಡಿಯಲ್ಲಿ ಗದಗಿಗೆ ಒಯ್ದು ಹೋಟೆಲುಗಳಿಗೆ ಹಾಕಿ, ವಾಪಸು ಬರುವಾಗ ನಮ್ಮ ಘಟಕದ ಕ್ಯಾನುಗಳನ್ನು ಅಂಗಡಿಗಳಿಗೆ ಮುಟ್ಟಿಸುತ್ತಿದ್ದನು. ಈ ಬಾಡಿಗೆ ಕೆಲಸ ಅವನಿಗೆ ಕೊಡಿಸಿದವಳು ನಾನೇ. ಲೇಬಲ್ ಹರಿದುಹೋದ ಎರಡು ಕ್ಯಾನುಗಳನ್ನು ಅಂಗಡಿಯವರು ಬೇಡವೆಂದು ತಿರುಗಿ ಕಳಿಸಿದಾಗ ಅವನು ಅವನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾನೆ. ಇದು ನನಗೆ ಆಗ ಗೊತ್ತಿರಲಿಲ್ಲ.

ದಿನಾಂಕ 05-04-2025ರ ಶನಿವಾರ ನಾನು ಕೂಸನ್ನು ನೋಡಲು ಲಕ್ಷ್ಮೇಶ್ವರಕ್ಕೆ ಬಂದೆ. ತಂಗಿಯ ಮನೆಯ ಪಕ್ಕದಲ್ಲಿ ಮಾಸುಮಬಿ ಎಂಬ ಹೆಂಗಸು ಇದ್ದಾರೆ, ವಯಸ್ಸು ಅರವತ್ತು ದಾಟಿದೆ, ವೀರುವಿನ ಹತ್ತಿರ ಹಾಲು ಕೊಂಡು, ಮೊಸರು ಮಾಡಿ ಮಾರಿ ಜೀವನ ಮಾಡುತ್ತಾರೆ. ನನ್ನನ್ನು ಬಾಗಿಲಲ್ಲಿ ಕಂಡವರೇ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಬಂದೇನವಾ ದೊಡ್ಡಾಕಿ? ನೀ ಹೆಪ್ಪಿನ ಸಾಲಿ ಕಲ್ತಾಕಿ ಅಂತಲ್ಲ, ಒಳಗ ಬಾ, ನನ್ನ ಹಾಲಿಗೆ ಏನು ಬ್ಯಾನಿ ಬಂದೈತಿ ಹೇಳು" ಎಂದರು.

ಅವರು ಹೇಳಿದ್ದು ಇಷ್ಟು. ಮೂರು ವಾರದಿಂದ ಅವರ ಮನೆಯಲ್ಲಿ ಮೊಸರು ಆಗುತ್ತಿಲ್ಲ. ನಮ್ಮ ಕಡೆ ಮೊಸರು ಕೂಡದಿದ್ದರೆ ಯಾರೂ ಹಾಲನ್ನು ಬೈಯುವುದಿಲ್ಲ, ಹೆಪ್ಪನ್ನು ಬೈಯುತ್ತಾರೆ. ಹೆಪ್ಪು ಕೆಟ್ಟಿದೆ ಎಂದು ಮತ್ತೊಬ್ಬರ ಮನೆಯಿಂದ ತರುತ್ತಾರೆ. ಮಾಸುಮಬಿಯವರು ಓಣಿಯ ಮನೆಮನೆಯ ಹೆಪ್ಪು ತಂದು ಹಾಕಿದ್ದಾರೆ. ಹೆಪ್ಪು ಕೊಟ್ಟವರ ಮೇಲೆಲ್ಲ ಸಿಟ್ಟು ಮಾಡಿದ್ದಾರೆ. ಎದುರು ಮನೆಯ ಸುಮಿತ್ರವ್ವ ಎಂಬವರಿಗೆ, ಬೇಕೆಂದೇ ಹಳಸಿದ ಹೆಪ್ಪು ಕೊಟ್ಟೆ ಎಂದು ಬೈದು ಮಾತು ಬಿಟ್ಟಿದ್ದಾರೆ. "ಹಾಲು ನೋಡಿದ್ರ ಬಂಗಾರದಂಥಾ ಹಾಲು. ಬಿಸಲಾಗಿಟ್ರೂ ಒಡೆಯಾಂಗಿಲ್ಲ, ಹುಳಿ ವಾಸನಿ ಇಲ್ಲ. ವೀರೂನ ಹಾಲಿನಂಥಾ ಹಾಲು ಊರಾಗಿಲ್ಲ. ಅಂಥಾ ಹಾಲಿಗೆ ಇಂಥಾ ಸೊಕ್ಕು ಯಾಕ ಬಂತವಾ?" ಎಂದು ಕೇಳಿದರು. ನಾನು ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ಹಿಂದಿನ ದಿನ ಹೆಪ್ಪು ಹಾಕಿದ ಹಾಲು ಏಪ್ರಿಲ್ ಬಿಸಿಲಿನಲ್ಲೂ ಹಾಲಾಗಿಯೇ ಇತ್ತು.

ಒಂದು ಬಾಟಲಿಯಲ್ಲಿ ಆ ಹಾಲನ್ನು ತುಂಬಿಸಿಕೊಂಡು ಬೆಟಗೇರಿಗೆ ಹೋದೆ. ಅದನ್ನೂ, ನಮ್ಮ ಓಣಿಯಲ್ಲಿ ಕೊಂಡ ಬೇರೆ ಹಾಲನ್ನೂ ಕಾಯಿಸಿ, ಆರಿಸಿ, ಒಂದೇ ಹೆಪ್ಪನ್ನು ಎರಡಕ್ಕೂ ಹಾಕಿ ಇಟ್ಟೆ. ಮರುದಿನ ಭಾನುವಾರ ಬೆಳಿಗ್ಗೆ ನಮ್ಮ ಓಣಿಯ ಹಾಲು ಗಟ್ಟಿ ಮೊಸರಾಗಿತ್ತು. ವೀರುವಿನ ಹಾಲು ಅಲುಗಾಡಿಸಿದರೆ ನೀರಿನಂತೆ ಅಲುಗಾಡುತ್ತಿತ್ತು. ಹೆಪ್ಪಿನ ಜೀವಿಗಳನ್ನು ಕೊಲ್ಲುವಂಥದ್ದು ಆ ಹಾಲಿನಲ್ಲಿದೆ, ಅದು ನಮ್ಮ ಬೆಳ್ಳಿ ನೀರೇ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಅಂದೇ ಮಧ್ಯಾಹ್ನ 12-30ಕ್ಕೆ ತಂಗಿಯ ಮನೆಗೆ ಹೋದೆ. ವೀರು ಕಟ್ಟೆಯ ಮೇಲೆ ಕುಳಿತು ಕ್ಯಾನು ತೊಳೆಯುತ್ತಿದ್ದನು. ಹಾಲಿಗೆ ಏನು ಹಾಕುತ್ತಿದ್ದೀ ಎಂದು ಕೇಳಿದೆ. ಅವನು ಮುಚ್ಚಿಡಲಿಲ್ಲ. ನಗುತ್ತಲೇ, "ನೀವ ಮಾಡಿದ ಔಷಧ ರೀ ಅಕ್ಕಾರ. ಖರೆನ ಭಾರಿ ಐತಿ. ಈ ಬಿಸಲಿಗೆ ಗದಗ ಮುಟ್ಟೂದರಾಗ ಅರ್ಧ ಹಾಲು ಒಡೀತಿತ್ತು. ಈಗ ಕ್ಯಾನಿಗೆ ಒಂದು ಮುಚ್ಚಳ ಹಾಕ್ತೀನಿ, ಸಂಜಿತನಾ ಗಟ್ಟಿ ನಿಲ್ತೈತಿ" ಎಂದನು. ತಾನೇನೋ ನನಗೆ ಕೀರ್ತಿ ತಂದಿದ್ದೇನೆ ಎಂಬಂತೆ ಹೇಳಿದನು.

ಇದರ ಮುಂದಿನ ಮಾತುಗಳನ್ನು ಸಂಕ್ಷಿಪ್ತವಾಗಿ ಬರೆದರೆ ಸಾಕೇ ಎಂದು ಅಂದಪ್ಪ ಅವರು ಕೇಳಿದರು. ಬೇಡ, ನಾನು ಆಡಿದ್ದನ್ನು ಆಡಿದಂತೆಯೇ ಬರೆಯಿರಿ ಎಂದಿದ್ದೇನೆ. ನಾನು ಆಡಿದ ಮಾತು: "ನಿನಗ ಬುದ್ಧಿಗಿದ್ಧಿ ಐತೇನ? ಘಟಕದ ಮಾಲು ತಂದು ಹಾಲಿಗೆ ಹಾಕ್ತೀಯಾ? ನಾಳೆ ಫುಡ್ ಇನ್‌ಸ್ಪೆಕ್ಟರ್ ಹಿಡಿದ್ರ ನನ್ನ ಹೆಸರು ಬರ್ತೈತಿ. ಘಟಕಕ್ಕ ಬೀಗ ಬೀಳ್ತೈತಿ. ಮಾರೋ ಹಾಲಿಗೆ ಇನ್ನ ಒಂದು ಹನಿ ಹಾಕಿದ್ರ ನೋಡು, ನಿನ್ನ ಗಾಡಿ ಬಾಡಿಗಿ ಇವತ್ತ ಬಂದ್ ಮಾಡಿಸ್ತೀನಿ."

ವೀರುವಿನ ಮುಖ ಸಣ್ಣದಾಯಿತು. "ಯಾಕ್ರಿ ಅಕ್ಕಾರ, ಅದರಿಂದ ಮಂದಿಗೆ ಏನರ ಆಗ್ತೈತೇನ್ರಿ?" ಎಂದು ಕೇಳಿದನು.

ಆಗ ಉತ್ತರ ಹೇಳಬಹುದಾಗಿತ್ತು. ಆದರೆ ನಾನು ತಯಾರಿಸಿದ್ದನ್ನು ನನ್ನ ಬಾಯಿಂದಲೇ ವಿಷ ಎನ್ನಲು ನನಗೆ ಆಗಲಿಲ್ಲ. ಮುಂಡರಗಿಯ ಅಂಗಳದಲ್ಲಿ ಅಷ್ಟು ಜನರೆದುರು ಕುಡಿದು ಬಂದವಳು ನಾನು; ಈಗ ಇವನೆದುರು ಆ ಮಾತು ಹೇಗೆ ಹೇಳಲಿ ಎನ್ನಿಸಿತು. "ಆಗೂದು ಬಿಡೂದು ನಿನಗ್ಯಾಕ? ಹಾಕಬ್ಯಾಡ ಅಂದ್ರ ಹಾಕಬ್ಯಾಡ, ಮುಗೀತು" ಎಂದೆ. ಅವನು "ನಿಮ್ಮಾಣಿ ಅಕ್ಕಾರ, ಮಾರೋ ಹಾಲಿಗೆ ಹಾಕಂಗಿಲ್ಲ" ಎಂದು ಮಾತು ಕೊಟ್ಟನು. ಕಟ್ಟೆಯ ಕೆಳಗೆ ಇದ್ದ ಬೆಳ್ಳಿ ನೀರಿನ ಒಂದು ಕ್ಯಾನನ್ನು ನಾನು ಎತ್ತಿಕೊಂಡು ಬಂದೆ. ಇನ್ನೊಂದು ಇದೆಯೇ ಎಂದು ಕೇಳಲಿಲ್ಲ. ಮಾಸುಮಬಿಯವರು ಎದುರಾಗಿ ಏನಾಯಿತೆಂದು ಕೇಳಿದಾಗ, ಇನ್ನು ಮೊಸರು ಆಗುತ್ತದೆ ಹೋಗಿರಿ ಎಂದಷ್ಟೇ ಹೇಳಿದೆ.

ಎರಡು ದಿನ ಕಳೆದ ಮೇಲೆ ಮಾಸುಮಬಿಯವರ ಮನೆಯಲ್ಲಿ ಮೊಸರು ಕೂಡಿತು. ಅವರೇ ಅಂಕಿತಾಳ ಫೋನಿನಿಂದ ನನ್ನೊಂದಿಗೆ ಮಾತನಾಡಿ, "ನಿನ್ನ ಕಾಲಗುಣ ನೋಡವಾ, ಗಡಿಗಿ ಬೋರಲ ಹಾಕಿದ್ರೂ ಬೀಳಾಂಗಿಲ್ಲ ಅಂಥಾ ಮೊಸರು" ಎಂದು ಸಂತೋಷಪಟ್ಟರು. ನಾನು ವೀರು ಮಾತು ಉಳಿಸಿಕೊಂಡನು ಎಂದು ನೆಮ್ಮದಿಯಾಗಿದ್ದೆ.

ಅದೇ ಫೋನಿನಲ್ಲಿ ಅಂಕಿತಾ, ಕೂಸಿಗೆ ಭೇದಿ ಆಗುತ್ತಿದೆ, ಕುಡಿದಿದ್ದೆಲ್ಲ ನೀರಿನಂತೆ ಹೋಗುತ್ತಿದೆ ಎಂದು ಹೇಳಿದಳು. ಅಂಕಿತಾಳಿಗೆ ಫೆಬ್ರವರಿಯಲ್ಲಿ ವಿಷಮಜ್ವರ ಬಂದು ಎದೆಹಾಲು ನಿಂತಿತ್ತು. ಡಬ್ಬಿಯ ಹಾಲಿನ ಪುಡಿ ಕೂಸಿಗೆ ಹಿಡಿಸದೆ, ಮನೆಯ ಆಕಳ ಹಾಲನ್ನೇ ಬಾಟಲಿಯಲ್ಲಿ ಕುಡಿಸುತ್ತಿದ್ದರು. ಹಲ್ಲು ಬರುವ ಹೊತ್ತು, ಹಾಗಾಗುತ್ತದೆ ಎಂದು ನಾನು ಹೇಳಿದೆ. ದಿನಾಂಕ 12ರಂದು ಮತ್ತೆ ಫೋನ್ ಮಾಡಿ, "ಅಕ್ಕಾ, ಕೂಸು ಭಾಳ ಸಪ್ಪಗಾಗೇತಿ. ಅಳಾಕೂ ಒಲ್ಲದು. ತುಟಿ ಕರ್ರಗ ಕಾಣಾಕತ್ಯಾವು" ಎಂದಳು. ಸುಮಿತ್ರವ್ವನವರು ಬಂದು ದೃಷ್ಟಿ ತೆಗೆದು ಹೋಗಿದ್ದರಂತೆ. ನಾನು ತಕ್ಷಣ ಡಾಕ್ಟರಿಗೆ ತೋರಿಸು ಎಂದೆ. ಇಲ್ಲಿ ತೋರಿಸಿದರು, ಔಷಧಿ ಕೊಟ್ಟರು, ಗುಣವಾಗಲಿಲ್ಲ. ನಿನ್ನೆ ದಿನಾಂಕ 14ರಂದು ಮಧ್ಯಾಹ್ನ ಗದಗದ ಆಸ್ಪತ್ರೆಗೆ ಸೇರಿಸಿದರು.

ನಾನು ಇಂದು ಬೆಳಿಗ್ಗೆ 10 ಗಂಟೆಗೆ ಆಸ್ಪತ್ರೆಗೆ ಹೋದೆ. ಗಾಜಿನ ಆಚೆ ಕೂಸು ಮಲಗಿತ್ತು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ತುಟಿ, ಕೈ ಉಗುರು ಎಲ್ಲ ನೇರಳೆಹಣ್ಣು ತಿಂದವರ ಬಾಯಿಯ ಬಣ್ಣಕ್ಕೆ ಬಂದಿದ್ದವು. ಅಷ್ಟು ಸಣ್ಣ ಕೈ. ಅಂಕಿತಾ ಕೂಸಿನ ಕುಲಾವಿಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿ ಕುಳಿತಿದ್ದಳು. ಡಾಕ್ಟರು ಹೊರಗೆ ಬಂದು, ಹೃದಯ ಸರಿಯಾಗಿದೆ, ಪುಪ್ಪುಸವೂ ಸರಿಯಾಗಿದೆ, ಆದರೂ ಆಮ್ಲಜನಕ ಕೊಟ್ಟರೂ ಬಣ್ಣ ತಿರುಗುತ್ತಿಲ್ಲ, ತೆಗೆದ ರಕ್ತ ಕಂದು ಬಣ್ಣಕ್ಕಿದೆ, ರಕ್ತದಲ್ಲಿ ಯಾವುದೋ ಲವಣ ಸೇರಿದಂತಿದೆ, ಗೊಬ್ಬರದ ಲವಣ ಇಳಿದ ಹೊಲದ ಬಾವಿಯ ನೀರು ಏನಾದರೂ ಕುಡಿಸಿದ್ದೀರಾ ಎಂದು ಕೇಳಿದರು. ಅಂಕಿತಾ ಇಲ್ಲ ಎಂದಳು. ಲವಣ ಎಂಬ ಮಾತು ಕೇಳಿದ ಕೂಡಲೇ, ತೊಳೆಯದೆ ಬಿಟ್ಟ ನಮ್ಮ ಬೆಳ್ಳಿ ನೀರು ನೆನಪಾಗಿ, ವೀರುವನ್ನು ಹುಡುಕಿಕೊಂಡು ಹೋದೆ.

ವೀರು ಮೆಟ್ಟಿಲ ಹತ್ತಿರ ಕುಳಿತಿದ್ದನು. ಅವನ ಹತ್ತಿರ ಹೋಗಿ, ಕೂಸಿನ ಹಾಲಿಗೆ ಏನಾದರೂ ಹಾಕಿದ್ದೀಯಾ ಎಂದು ಕೇಳಿದೆ. ಇದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಏಕೆಂದರೆ ಹಾಲಿನ ವ್ಯಾಪಾರದವರು ಕ್ಯಾನಿಗೆ ಎಷ್ಟೇ ನೀರು ಬೆರೆಸಲಿ, ಮನೆಗೆ ಬೇಕಾದ ಹಾಲನ್ನು ಕರೆದ ಕೂಡಲೇ ಬೇರೆ ಚರಿಗೆಗೆ ತೆಗೆದಿಡುತ್ತಾರೆ. ಆ ಚರಿಗೆಗೆ ಯಾವ ಹಾಲಿನವನೂ ಏನನ್ನೂ ಬೆರೆಸುವುದಿಲ್ಲ. ಕೂಸು ಕುಡಿಯುವುದು ಆ ಹಾಲು ಎಂಬ ಧೈರ್ಯದ ಮೇಲೆ ನಾನು ಇಷ್ಟು ದಿನ ಇದ್ದೆ.

ವೀರು ಹೇಳಿದ್ದು: "ಮಾರೋ ಹಾಲಿಗೆ ಅವತ್ತಿನಿಂದ ಒಂದು ಹನಿನೂ ಹಾಕಿಲ್ರಿ ಅಕ್ಕಾರ, ಈ ಕೂಸಿನಾಣಿ. ಮನಿ ಚರಿಗಿಗೆ ಅಷ್ಟ ಹಾಕ್ತಿದ್ದೆ. ನೀರಾದ್ರ ಮನಿ ಹಾಲಿಗೆ ಹಾಕಬಾರ್ದು ರೀ. ಇದು ಚಲೋದು ಅಲ್ಲೇನ್ರಿ? ಚಲೋದನ್ನ ಮಂದಿಗೆಲ್ಲಾ ಕುಡಿಸಿ ನನ್ನ ಮಗಳಿಗೆ ಹೆಂಗ ಬಿಡ್ಲಿ? ಹೊಟ್ಟ್ಯಾಗಿನ ಹುಳ ಸಾಯ್ಲಿ ಅಂತ ಬಾಟ್ಲಿಗೆ ಅರ್ಧ ಚಮಚ ಹಾಕ್ತಿದ್ದೆ. ಭೇದಿ ಹತ್ತಿದ ಮ್ಯಾಲೆ ಪೂರಾ ಚಮಚ ಮಾಡಿದ್ನಿ."

ನಾನು ಓಡಿಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಒಂದು ಮಾತೂ ಬೈಯದೆ ಒಳಗೆ ಹೋದರು. ಒಂದು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ತುಟಿಯ ಬಣ್ಣ ಸ್ವಲ್ಪ ತಿರುಗಿತು. ಆದರೆ ಹೊಟ್ಟೆ ಮತ್ತು ಕರುಳಿಗೆ ಬೆಳ್ಳಿ ಏನು ಮಾಡಿದೆಯೋ ಈಗಲೇ ಹೇಳಲಾಗದು, ಭರವಸೆ ಕೊಡುವುದಿಲ್ಲ ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದಾಗ ಅಂಕಿತಾ ನನ್ನ ಹಿಂದೆಯೇ ನಿಂತಿದ್ದಳು. ಅವಳು ಗಂಡನಿಗೆ ಏನೂ ಅನ್ನಲಿಲ್ಲ. ಅವನು ಮೆಟ್ಟಿಲ ಮೇಲೆ ತನ್ನ ತಲೆಯನ್ನು ತಾನೇ ಬಡಿದುಕೊಳ್ಳುತ್ತಿದ್ದನು. ಅಂಕಿತಾ ನರ್ಸ್ ಕಡೆ ತಿರುಗಿ, "ಈಕಿನ್ನ ಕೂಸಿನ ಹತ್ರ ಬಿಡಬ್ಯಾಡ್ರಿ" ಎಂದಳು. ನಾನು ಅಲ್ಲಿಂದ ಹೊರಟು ಇಲ್ಲಿಗೆ ಬಂದೆ.

ಯಾರ ಮೇಲೆ ಫಿರ್ಯಾದಿ ಎಂದು ಅಂದಪ್ಪ ಅವರು ಕೇಳುತ್ತಿದ್ದಾರೆ. ವೀರುವಿನ ಮೇಲೆ ಬರೆಯುವುದಾದರೆ, ನಾನು ಹೇಳಿದಷ್ಟನ್ನು ಅವನು ತಪ್ಪದೆ ಪಾಲಿಸಿದ್ದಾನೆ ಎಂಬುದನ್ನೂ ಬರೆಯಬೇಕು. ವಿರೂಪಾಕ್ಷಪ್ಪನವರ ಘಟಕದ ಕ್ಯಾನಿನ ಮೇಲೆ ನೂರಕ್ಕೆ ನೂರು ಸುರಕ್ಷಿತ ಎಂದು ಅಚ್ಚು ಹಾಕಿಸಿದ್ದಾರೆ. ಆ ಕ್ಯಾನುಗಳು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಅಂಗಡಿಗಳಲ್ಲಿ ಈಗಲೂ ಇವೆ. ಬೇರೆ ಹಾಲಿನವರು ಯಾರಾದರೂ ಒಯ್ದಿದ್ದಾರೆಯೇ ಎಂದು ಆಸ್ಪತ್ರೆಯಿಂದ ಹೊರಡುವಾಗ ವೀರುವಿಗೆ ಕೇಳಿದರೆ ಅವನು ಅಳತೊಡಗಿದನು. ಅವನನ್ನು ಹೊಡೆಯದೆ, ಹೆದರಿಸದೆ ಅದೊಂದನ್ನು ಕೇಳಬೇಕು, ಇಂದೇ ಕೇಳಬೇಕು, ಅಂಗಡಿಗಳಲ್ಲಿನ ಮಾಲನ್ನು ಜಪ್ತಿ ಮಾಡಬೇಕು ಎಂದು ವಿನಂತಿಸುತ್ತೇನೆ. ನನ್ನ ಮೇಲೆ ಏನು ಬರೆಯುವುದಿದ್ದರೂ ಬರೆಯಿರಿ, ನನ್ನ ತಕರಾರಿಲ್ಲ.

ಈ ಹೇಳಿಕೆ ಬರೆಸುತ್ತಿರುವಾಗಲೇ, ಸಾಯಂಕಾಲ 4-25ಕ್ಕೆ, ಅಂಕಿತಾಳಿಂದ ನನಗೆ ಫೋನ್ ಬಂತು. ಅಂದಪ್ಪ ಅವರ ಅನುಮತಿ ಪಡೆದು ಮಾತನಾಡಿದೆ. ಅವಳು ಸಣ್ಣ ದನಿಯಲ್ಲಿ, "ಅಕ್ಕಾ, ಕೂಸು ಕಣ್ಣು ಬಿಟ್ಟೈತಿ. ಹಸಿವಿಗೆ ಬಾಯಿ ತಗಿಯಾಕತ್ತೈತಿ. ಡಾಕ್ಟರು ಒಂದು ಚಮಚ ಕುಡಿಸಿ ನೋಡ್ರಿ ಅಂದಾರ. ನರ್ಸ್ ಪುಡಿ ಹಾಲು ಕಲಸಿ ಕೈಯಾಗ ಕೊಟ್ಟಾಳ, ಏನೂ ಆಗಂಗಿಲ್ಲ, ಸುರಕ್ಷಿತ ಐತಿ ಅಂತಾಳ. ಕುಡಿಸ್ಲೇನಕ್ಕಾ? ಹೂಂ ಅಂತ ನೀ ಒಮ್ಮಿ ಹೇಳು" ಎಂದಳು.

ನನ್ನ ಹೂಂಗಾಗಿ ಕಾಯುತ್ತ ಅವಳು ಇನ್ನೂ ಫೋನ್ ಇಟ್ಟಿಲ್ಲ.

ಇಷ್ಟು ಬರೆದುಕೊಂಡದ್ದನ್ನು ಹೆಡ್ ಕಾನ್‌ಸ್ಟೇಬಲ್ ಅವರು ನನಗೆ ಓದಿ ಕೇಳಿಸಿದ್ದಾರೆ. ನಾನು ಆಡಿದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಲಕ್ಷ್ಮೇಶ್ವರ
ದಿನಾಂಕ: 15-04-2025, ಸಾಯಂಕಾಲ 4-50

(ಸಹಿ) ಸುಶ್ಮಿತಾ ಚ. ಹಳ್ಳಿಕೇರಿ

ನನ್ನ ಸಮಕ್ಷಮ: (ಸಹಿ) ಅಂದಪ್ಪ, ಹೆಡ್ ಕಾನ್‌ಸ್ಟೇಬಲ್